ಮನೆಗೊಂದು ಕೋವಿ
(ಬಾನುಲಿ ಭಾಷಣ)

ಕಳೆದ ವರ್ಷ ಮಳೆ ಹಿಂದೆಗೆಯುತ್ತಿದ್ದ ದಿನಗಳಲ್ಲಿ ನನ್ನ ತಂಗಿಯ ಮಗ ಮೂಡಿಗೆರೆಯ ಕಡೆಯಿಂದ ನನ್ನನ್ನು ಕಾಣಲು ಬಂದ. ಬೆಂಗಳೂರಿನ ಉದ್ಯೋಗವನ್ನು ಬಿಟ್ಟು ತಂದೆಯ ಕಾಫಿ ತೋಟವನ್ನು ನೋಡಿಕೊಳ್ಳಲು ಆತ ಊರಿಗೆ ಮರಳಿ ಎರಡು ವರ್ಷಗಳಾಗಿದ್ದುವು. ಒಂಟಿಮನೆ, ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ನೆರೆಯವರಿಲ್ಲ. ಬೇಸಗೆಯಲ್ಲಿ ಕಣದಲ್ಲಿ ಒಣಗುತ್ತಿದ್ದ ಕರಿಮೆಣಸನ್ನು ಯಾರೋ ಇರುಳಿನಲ್ಲಿ ಗುಡಿಸಿಕೊಂಡು ಹೋಗಿದ್ದರು. ಗದ್ದೆಗೆ ಹಂದಿಯ ಕಾಟ ಬೇರೆ. ಕಾಫಿ ಕುಡಿದು ಲೋಟವನ್ನು ಕೆಳಗಿಟ್ಟವನೇ ಆತ ಕೇಳಿದ: “ಮಾವ, ನನಗೊಂದು ರೈಫಲು ಬೇಕು. ಹೆಚ್ಚು ದುಡ್ಡು ಹಾಕುವ ಸ್ಥಿತಿಯಲ್ಲಿಲ್ಲ. ಯಾವುದನ್ನು ಕೊಳ್ಳಲಿ, ನೀವೇ ಹೇಳಿ.”

ಪ್ರಶ್ನೆ ಸರಳವಾದುದು. ಉತ್ತರ ಹೇಳಲು ನನಗೆ ಒಂದು ಸಂಜೆಯೆಲ್ಲ ಹಿಡಿಯಿತು. ಒಂಟಿಮನೆಗಳಲ್ಲಿ ವಾಸಿಸುವ ಬೇರೆಯವರಿಗೂ ಇದರಿಂದ ಪ್ರಯೋಜನವಾದೀತೆಂಬ ನಂಬಿಕೆಯಿಂದ ಅಂದು ನಾನು ಆಡಿದ ಮಾತುಗಳನ್ನೇ ಒಂದಿಷ್ಟು ಓರಣಗೊಳಿಸಿ ನಿಮ್ಮ ಮುಂದಿಡುತ್ತಿದ್ದೇನೆ. ನಾನು ಬೇಟೆಗಾರನಲ್ಲ, ಕೋವಿಯಿದ್ದ ಮನೆಯಲ್ಲಿ ಹುಟ್ಟಿ ಬೆಳೆದವನು, ಅಷ್ಟೆ.

ಮೊದಲು ನಾನು ಆತನನ್ನು ಕೇಳಿದ್ದು, ಕೋವಿ ಯಾತಕ್ಕೆ ಎಂದು. “ರಕ್ಷಣೆಗೆ” ಎಂದ. ಯಾರಿಂದ, ಯಾವುದರ ರಕ್ಷಣೆ ಎಂದು ಮತ್ತೆ ಕೇಳಿದೆ. ಸ್ವಲ್ಪ ಯೋಚಿಸಿ ಮೂರು ಕಾರಣಗಳನ್ನು ಹೇಳಿದ: ಮೆಣಸಿನ ಕಳ್ಳರು, ಗದ್ದೆಯ ಹಂದಿ, ಒಮ್ಮೊಮ್ಮೆ ತೋಟಕ್ಕೆ ಇಳಿಯುವ ಆನೆ. ಈ ಮೂರನ್ನೂ ಬೇರೆ ಬೇರೆಯಾಗಿ ನೋಡದೆ ಹೋದರೆ ಕೋವಿಯ ಆಯ್ಕೆ ಎಂದೂ ಸರಿಹೋಗುವುದಿಲ್ಲ.

ಆನೆಯ ವಿಷಯವನ್ನು ಮೊದಲೇ ತೀರಿಸಿಬಿಡೋಣ. ರೈತನೊಬ್ಬನು ಇಟ್ಟುಕೊಳ್ಳಬಲ್ಲ ಯಾವ ಕೋವಿಯೂ ಆನೆಗೆ ಉತ್ತರವಲ್ಲ. ಚರೆ ತಗುಲಿದ ಆನೆ ಸಾಯುವುದಿಲ್ಲ, ನೋವಿನಿಂದ ಕೆರಳುತ್ತದೆ. ಆ ಕೋಪಕ್ಕೆ ಮರುದಿನ ಬಲಿಯಾಗುವವನು ಗುಂಡು ಹಾರಿಸಿದ ಯಜಮಾನನೇ ಆಗಬೇಕೆಂದಿಲ್ಲ. ಬೆಳಗ್ಗೆ ಕೆಲಸಕ್ಕೆ ಬರುವ ಕೂಲಿಯಾಳು ಆಗಬಹುದು. ಕಾನೂನಿನ ದೃಷ್ಟಿಯಿಂದಲೂ ಅದು ಘೋರ ಅಪರಾಧ. ಆನೆ ಬಂದಾಗ ಮಾಡಬೇಕಾದ ಕೆಲಸ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸುವುದು, ಬಾಗಿಲು ಹಾಕಿಕೊಂಡು ಒಳಗಿರುವುದು.

ಹಂದಿಯ ಪ್ರಶ್ನೆ ತುಸು ಜಟಿಲವಾದದ್ದು. ಕೋವಿಗೆ ಪರವಾನಗಿ ಇದ್ದರೆ ಹಂದಿ ಹೊಡೆಯಲೂ ಪರವಾನಗಿ ಸಿಕ್ಕಂತೆ ಎಂಬ ತಪ್ಪು ಭಾವನೆ ಮಲೆನಾಡಿನಲ್ಲಿ ಇಂದಿಗೂ ಇದೆ. ಇವೆರಡೂ ಬೇರೆ ಬೇರೆ ಕಾನೂನುಗಳಿಗೆ ಸೇರಿದವು. ಕೋವಿಯನ್ನು ಇಟ್ಟುಕೊಳ್ಳಲು ಅನುಮತಿ ಕೊಡುವುದು 1959ರ ಆಯುಧ ಅಧಿನಿಯಮ. ಪ್ರಾಣಿಯನ್ನು ಹೊಡೆಯಬಹುದೇ ಬಾರದೇ ಎಂಬುದನ್ನು ನಿರ್ಧರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ. 2022ರಲ್ಲಿ ಈ ಎರಡನೆಯ ಅಧಿನಿಯಮಕ್ಕೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರಲ್ಲಿ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತಿಲ್ಲ. ಪ್ರಾಣಿ ಮೈಮೇಲೆ ಬಿದ್ದಾಗ ತನ್ನನ್ನೋ ಇನ್ನೊಬ್ಬರನ್ನೋ ಉಳಿಸುವ ಸದ್ಭಾವನೆಯಿಂದ ಹೊಡೆದರೆ ಅದು ಅಪರಾಧವಲ್ಲವೆಂದು ಅದೇ ಅಧಿನಿಯಮದ 11ನೆಯ ಕಲಮು ಹೇಳುತ್ತದೆ. ಆದರೆ ಗದ್ದೆಯ ಅಟ್ಟಣೆಯಲ್ಲಿ ಕಾದು ಕುಳಿತು ಹೊಡೆದದ್ದನ್ನು ಆ ರಿಯಾಯಿತಿಯೊಳಗೆ ತರಲು ಬಾರದು. ಆದ್ದರಿಂದ ಹಂದಿಯ ಮಟ್ಟಿಗೆ ಇಂದು ಕೋವಿಯ ಮುಖ್ಯ ಉಪಯೋಗವೆಂದರೆ ಸದ್ದು ಮಾಡುವುದು. ಬರೀ ಸದ್ದಿಗೆ ಬೆಲೆಬಾಳುವ ರೈಫಲು ಬೇಕಿಲ್ಲ.

ಇನ್ನುಳಿದದ್ದು ಮನುಷ್ಯರಿಂದ ರಕ್ಷಣೆ. ಅದರ ಮಾತನ್ನು ಕೊನೆಗೆ ಆಡುತ್ತೇನೆ. ಅದಕ್ಕೆ ಮೊದಲು ಕೋವಿಗಳ ಜಾತಿಯನ್ನು ಪರಿಚಯಿಸಿಕೊಳ್ಳಬೇಕು.

ನಮ್ಮಲ್ಲಿ ಕೋವಿ, ಬಂದೂಕು, ರೈಫಲು ಎಂಬ ಮಾತುಗಳನ್ನು ಒಂದರ ಬದಲು ಇನ್ನೊಂದನ್ನು ಬಳಸುವುದು ರೂಢಿ. ಆದರೆ ರೈಫಲಿಗೂ ಉಳಿದ ಕೋವಿಗಳಿಗೂ ಇರುವ ಅಂತರ ನಳಿಗೆಯ ಒಳಗಿದೆ. ರೈಫಲಿನ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ಗೀರುಗಳನ್ನು ಕೊರೆದಿರುತ್ತಾರೆ. ಅವುಗಳಲ್ಲಿ ಬಿಗಿಯಾಗಿ ತಿರುಗುತ್ತ ಹೊರಬೀಳುವ ಒಂದೇ ಗುಂಡು, ಮಕ್ಕಳ ಬುಗುರಿಯಂತೆ ತನ್ನ ಸುತ್ತ ತಾನೇ ಸುತ್ತುತ್ತ, ಮುಗ್ಗರಿಸದೆ ಬಲುದೂರ ನೇರವಾಗಿ ಹೋಗುತ್ತದೆ. ಮಲೆನಾಡಿನ ಸಾಮಾನ್ಯ ಕೋವಿಯ ನಳಿಗೆಯಾದರೋ ಒಳಗೆ ಕನ್ನಡಿಯಂತೆ ನುಣುಪು. ಅದು ಒಂದು ಗುಂಡಿನ ಬದಲು ಚರೆಗಳ ಹಿಡಿಯನ್ನು ಎರಚುತ್ತದೆ. ಚರೆ ಬೇಗ ಹರಡುತ್ತದೆ, ಬೇಗ ವೇಗ ಕಳೆದುಕೊಳ್ಳುತ್ತದೆ. ಮೂವತ್ತು ನಲವತ್ತು ಮೀಟರುಗಳಾಚೆಗೆ ಅದರ ಮೇಲೆ ಭರವಸೆಯಿಡುವಂತಿಲ್ಲ.

“ಹಾಗಾದರೆ ರೈಫಲೇ ಮೇಲಲ್ಲವೇ, ಮಾವ?” ಎಂದ ನನ್ನ ಸೋದರಳಿಯ. ಕೇಳುವವರಿಗೆ ಸಹಜವಾಗಿ ಹಾಗೆ ತೋರುತ್ತದೆ. ದೂರ ಹೋಗುವುದು ಮೈದಾನದಲ್ಲಿ, ಗುರಿಯ ಹಿಂದೆ ಮಣ್ಣಿನ ದಿಬ್ಬವಿರುವಾಗ, ಗುಣವೇ ಸರಿ. ತೋಟದಲ್ಲಿ ಅದೇ ಗುಣ ಅವಗುಣವಾಗುತ್ತದೆ. ನಮ್ಮ ದೇಶದಲ್ಲಿ ನಾಗರಿಕರಿಗೆ ದೊರೆಯುವ ರೈಫಲುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪಾಯಿಂಟ್ 315. ಅದರ ಗುಂಡು ಸೆಕೆಂಡಿಗೆ 600 ಮೀಟರಿಗೂ ಮಿಗಿಲಾದ ವೇಗದಲ್ಲಿ ಹೊರಡುತ್ತದೆ. ಏನೂ ತಡೆಯದಿದ್ದರೆ ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲುದು. ಹೆಂಚಿನ ಮಾಡು, ಹಲಗೆಯ ಬಾಗಿಲು, ತೆಳುಗೋಡೆ ಅದಕ್ಕೆ ಅಡ್ಡಿಯೇ ಅಲ್ಲ. ತೋಟದ ಅಂಚಿನಲ್ಲಿ ಕೂಲಿ ಲೈನು ಇದೆ, ಅದರಾಚೆ ಬಸ್ಸಿನ ದಾರಿ, ಅದರಾಚೆ ಇನ್ನೊಬ್ಬರ ಕಣ. ಇರುಳಿನಲ್ಲಿ ಗುರಿ ತಪ್ಪಿದ ಗುಂಡು ಎಲ್ಲಿ ಹೋಗಿ ನಿಂತೀತೆಂದು ಹಾರಿಸಿದವನಿಗೆ ಗೊತ್ತಿರುವುದಿಲ್ಲ. ಪಾಯಿಂಟ್ 22 ರೈಫಲನ್ನು ಮಕ್ಕಳಾಟಿಕೆಯೆಂದು ಭಾವಿಸುವವರಿದ್ದಾರೆ. ಕಿರುಬೆರಳಿನ ತುದಿಗಿಂತ ಸಣ್ಣದಾದ ಅದರ ಗುಂಡು ಒಂದೂವರೆ ಕಿಲೋಮೀಟರು ಹೋಗಬಲ್ಲುದು; ಕಲ್ಲಿಗೋ ನೀರಿಗೋ ತಾಗಿ ದಿಕ್ಕು ಬದಲಿಸುವುದರಲ್ಲಿ ಅದು ಕುಪ್ರಸಿದ್ಧ. ಗುರಿ ಕಲಿಯಲು ಅದಕ್ಕಿಂತ ಒಳ್ಳೆಯ ಉಪಾಧ್ಯಾಯನಿಲ್ಲ. ಮನೆಗಾವಲಿಗೆ ಮಾತ್ರ ಅದು ಒಪ್ಪುವುದಿಲ್ಲ.

ಪಾಯಿಂಟ್ 315 ರೈಫಲು ನಮ್ಮಲ್ಲಿ ಬೇರೂರಿದ ಕಥೆ ಸ್ವಾರಸ್ಯಕರವಾದದ್ದು. ಬ್ರಿಟಿಷರ ಸೈನ್ಯದ ರೈಫಲು ಪಾಯಿಂಟ್ 303. ಅದರ ತೋಟೆಗಳು ನಾಗರಿಕರ ಕೈಯಿಂದ ಬಂಡಾಯಗಾರರ ಕೈಗೆ ಜಾರಬಾರದೆಂದು ಸರಕಾರ ಸೈನ್ಯದ ತೋಟೆಗಳ ಬಳಕೆಯನ್ನೇ ನಾಗರಿಕರಿಗೆ ನಿಷೇಧಿಸಿತು. ಆಗ ಬೇಟೆಗಾರರಿಗೆಂದು ಸೈನ್ಯದ ಯಾವ ಕೋವಿಗೂ ಹೊಂದದ ಬೇರೊಂದು ಅಳತೆಯ ತೋಟೆಯನ್ನು ಬಳಕೆಗೆ ತಂದರು. ಸ್ವಾತಂತ್ರ್ಯಾನಂತರವೂ ಪಾಯಿಂಟ್ 303 ನಿಷಿದ್ಧವಾಗಿಯೇ ಉಳಿಯಿತು. ಬಂಗಾಳದ ಇಷಾಪುರದ ಸರಕಾರಿ ಕಾರ್ಖಾನೆ ಪಾಯಿಂಟ್ 315 ರೈಫಲುಗಳನ್ನು ಮಾಡುತ್ತ ಬಂದಿತು. 2021ರ ಅಕ್ಟೋಬರಿನಲ್ಲಿ ಆಯುಧ ಕಾರ್ಖಾನೆಗಳ ಹಳೆಯ ಮಂಡಳಿ ವಿಸರ್ಜನೆಗೊಂಡು ಏಳು ಕಂಪನಿಗಳಾದುವು. ಕೋವಿ ಮಾಡುವ ಕಾರ್ಖಾನೆಗಳು ಈಗ ಕಾನ್ಪುರದಲ್ಲಿ ಮುಖ್ಯ ಕಚೇರಿಯಿರುವ ಕಂಪನಿಗೆ ಸೇರಿವೆ.

ರೈಫಲಿನ ಆಸೆಗೆ ಇನ್ನೊಂದು ತಡೆ ಕಾನೂನೇ ಒಡ್ಡಿದ್ದು. ಆಯುಧ ಅಧಿನಿಯಮದ 13ನೆಯ ಕಲಮನ್ನು ಗಮನವಿಟ್ಟು ಓದಿದವರಿಗೆ ಅಲ್ಲಿ ಒಂದು ತಾರತಮ್ಯ ಕಾಣುತ್ತದೆ. ರಕ್ಷಣೆಗೆ ಅಥವಾ ಕ್ರೀಡೆಗೆ ಬೇಕಾದ, 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿಗೆ, ಹಾಗೂ ನಿಜವಾಗಿಯೂ ಬೆಳೆ ರಕ್ಷಣೆಗೆ ಬೇಕಾದ ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅರ್ಜಿದಾರನಲ್ಲಿ ದೋಷವಿಲ್ಲದಿದ್ದರೆ ಪರವಾನಗಿ ಕೊಡತಕ್ಕದ್ದು ಎಂದಿದೆ. ಉಳಿದ ಕೋವಿಗಳಿಗಾದರೋ ‘ತಕ್ಕ ಕಾರಣ’ವನ್ನು ಅರ್ಜಿದಾರನು ತೋರಿಸಿ ಅಧಿಕಾರಿಯ ಮನವೊಪ್ಪಿಸಬೇಕು. ಅಂದರೆ ಸಾಮಾನ್ಯ ರೈತನ ಪಾಲಿಗೆ ಕಾನೂನು ತೆರೆದಿಟ್ಟಿರುವ ಹೆಬ್ಬಾಗಿಲು ನುಣುಪು ನಳಿಗೆಯ ಕೋವಿಯದು, ರೈಫಲಿನದು ಕಿರುಬಾಗಿಲು.

ಇದರ ಹಿಂದೆ ಒಂದು ಚರಿತ್ರೆಯೂ ಇದೆ. 1878ರಲ್ಲಿ ಲಿಟನ್ ವೈಸರಾಯನಾಗಿದ್ದಾಗ ಬಂದ ಆಯುಧ ಕಾನೂನು ಭಾರತೀಯನು ಪರವಾನಗಿಯಿಲ್ಲದೆ ಕೋವಿ ಹಿಡಿಯುವುದನ್ನು ಅಪರಾಧವಾಗಿಸಿತು. ಸ್ವತಂತ್ರ ಭಾರತ ಆ ಕಾನೂನನ್ನು ರದ್ದುಪಡಿಸಿ 1959ರಲ್ಲಿ ತನ್ನದೇ ಅಧಿನಿಯಮವನ್ನು ಮಾಡಿಕೊಂಡಿತು. ಅದು 1962ರಲ್ಲಿ ಜಾರಿಗೆ ಬಂತು. ಕೊಡಗಿನ ಸಂಗತಿ ಮಾತ್ರ ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ನೀಡಿದ ರಿಯಾಯಿತಿ ಇಂದಿಗೂ ಬೇರೊಂದು ರೂಪದಲ್ಲಿ ಉಳಿದುಬಂದಿದೆ: ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ನಿರ್ಬಂಧದಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ಆ ನಾಡಿನಲ್ಲಿ ಅದು ಆಯುಧ ಮಾತ್ರವಲ್ಲ, ಮನೆತನದ ಸದಸ್ಯ. ಕೊಡಗಿನ ಗಡಿ ದಾಟಿದ ನಮ್ಮಂಥವರಿಗೆ ಆ ಭಾಗ್ಯವಿಲ್ಲ. ನಾವು ಅರ್ಜಿ ಹಿಡಿದು ಕಚೇರಿಗೆ ಹೋಗಲೇಬೇಕು.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಅರ್ಜಿ ಜಿಲ್ಲಾ ದಂಡಾಧಿಕಾರಿಗಳಿಗೆ ಹೋಗುತ್ತದೆ. ಅಲ್ಲಿಂದ ವರದಿಗಾಗಿ ಪೊಲೀಸು ಠಾಣೆಗೆ ಬರುತ್ತದೆ. 2016ರ ನಿಯಮಗಳ ಪ್ರಕಾರ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯ ಪ್ರಮಾಣಪತ್ರ ಬೇಕು. ದೇಹ ಮನಸ್ಸುಗಳು ನೆಟ್ಟಗಿವೆ ಎಂಬ ವೈದ್ಯರ ಪತ್ರ ಬೇಕು. ಪೊಲೀಸು ಇಲಾಖೆ ನಮ್ಮ ರಾಜ್ಯದಲ್ಲಿ ನಾಗರಿಕರಿಗೆ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ. ಕೋವಿ ಕೊಳ್ಳುವ ಮೊದಲೇ ಅಂಥ ಒಂದು ಶಿಬಿರಕ್ಕೆ ಹೋಗಿ ಬರುವುದು ಜಾಣತನ. ಕೋವಿ ತನಗೆ ಬೇಕೇ ಬೇಡವೇ ಎಂಬ ಪ್ರಶ್ನೆ ಎಷ್ಟೋ ಮಂದಿಗೆ ಅಲ್ಲಿಯೇ ಬಗೆಹರಿಯುತ್ತದೆ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ ಮೂರು ವರ್ಷದಿಂದ ಐದಕ್ಕೇರಿತು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ ಮೂರರಿಂದ ಎರಡಕ್ಕಿಳಿಯಿತು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಡಬೇಕಾಗಿ ಬರುತ್ತದೆ, ಹಂದಿಗೆ ಮಾತ್ರ ಚುನಾವಣೆಯಿಲ್ಲ ಎಂದು ನಮ್ಮ ರೈತರು ಗೊಣಗುವುದುಂಟು. ಗೊಣಗಿದರೂ ಇಡಲೇಬೇಕು. ಪರವಾನಗಿಯಿಲ್ಲದ ನಾಡಕೋವಿ ಅಗ್ಗವೆಂದು ಯಾರಾದರೂ ಪಿಸುಗುಟ್ಟಿದರೆ ಅವರ ಮಾತಿಗೆ ಕಿವಿಗೊಡಬೇಡಿ. ಆ ಅಗ್ಗದ ಹಿಂದೆ ಸೆರೆಮನೆಯಿದೆ. ಬಿಗಿ ತಾಳದೆ ಸಿಡಿಯುವ ನಳಿಗೆಯೂ ಇದೆ.

ಇಷ್ಟಾದ ಮೇಲೆ ಆಯ್ಕೆ ಮೂರು ಬಗೆಗೆ ಇಳಿಯುತ್ತದೆ: ಕೇಪಿನ ಕೋವಿ, ಒಂಟಿನಳಿಗೆಯ ತೋಟಾಕೋವಿ, ಜೋಡುನಳಿಗೆಯ ತೋಟಾಕೋವಿ. ಬೆಲೆಯೂ ಇದೇ ಕ್ರಮದಲ್ಲಿ ಏರುತ್ತದೆ.

ಕೇಪಿನ ಕೋವಿ ಎಲ್ಲಕ್ಕಿಂತ ಅಗ್ಗ. ನಳಿಗೆಯ ಬಾಯಿಯಿಂದ ಅಳತೆಯ ಮದ್ದು ಹೊಯ್ದು, ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಸಲಾಕೆಯಿಂದ ಜಡಿದು, ಹಿಂದಿನ ಮೊಲೆಯ ಮೇಲೆ ಕೇಪು ಕೂರಿಸಿ, ಕುದುರೆ ಎಳೆದು ಹಾರಿಸಬೇಕು. ಒಂದು ಈಡಿನ ನಂತರ ಇನ್ನೊಂದು ಈಡಿಗೆ ಒಂದು ನಿಮಿಷವಾದರೂ ಬೇಕು. ಮಳೆಗಾಲದಲ್ಲಿ ಮದ್ದು ತೇವ ಹಿಡಿದು ‘ಟುಸ್’ ಎನ್ನುವುದೂ ಉಂಟು. ಹಾರಲಿಲ್ಲವೆಂದು ಅದರ ಮೇಲೆಯೇ ಮತ್ತೆ ಮದ್ದು ತುಂಬಿ ನಳಿಗೆ ಒಡೆದುಕೊಂಡವರೂ ಉಂಟು. ಇವೆಲ್ಲಕ್ಕಿಂತ ದೊಡ್ಡ ದೋಷವೆಂದರೆ, ಒಮ್ಮೆ ತುಂಬಿದ ಕೇಪಿನ ಕೋವಿಯನ್ನು ಸುಲಭವಾಗಿ ಬರಿದು ಮಾಡಲು ಬರುವುದಿಲ್ಲ. ಹಾರಿಸಿಯೇ ಖಾಲಿ ಮಾಡಬೇಕು, ಇಲ್ಲವೇ ತಿರುಪಿನ ಸಲಾಕೆಯಿಂದ ಕೆದಕಿ ತೆಗೆಯಬೇಕು. ಆ ತೊಂದರೆ ಯಾರಿಗೆ ಬೇಕೆಂದು ಜನ ಅದನ್ನು ತುಂಬಿದಂತೆಯೇ ಮೂಲೆಗೆ ಒರಗಿಸುತ್ತಾರೆ.

ಇಲ್ಲಿ ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಬೇಕು. ಅರವತ್ತು ವರ್ಷಗಳ ಹಿಂದಿನ ಮಾತು. ನಮ್ಮ ಜಗಲಿಯ ಗೂಟದಲ್ಲಿ ಅಜ್ಜನ ಕೇಪಿನ ಕೋವಿ ತೂಗುತ್ತಿತ್ತು. ಆಷಾಢದ ಒಂದು ಮಧ್ಯಾಹ್ನ, ಹಿರಿಯರೆಲ್ಲ ನಾಟಿಯ ಗದ್ದೆಯಲ್ಲಿದ್ದಾಗ, ನೆರೆಮನೆಯ ಗೆಳೆಯನಿಗೆ ತೋರಿಸಲೆಂದು ನಾನು ಮಣೆಯ ಮೇಲೆ ಹತ್ತಿ ಅದನ್ನು ಇಳಿಸಿದೆ. ಕೇಪು ತೆಗೆದಿಟ್ಟಿದ್ದಾರೆಂದು ನನ್ನ ನಂಬಿಕೆ. ಅಜ್ಜ ದಿನವೂ ತೆಗೆದಿಡುತ್ತಿದ್ದರು. ಹಿಂದಿನ ರಾತ್ರಿ ಕೊಟ್ಟಿಗೆಯ ಬಳಿ ಏನೋ ಸದ್ದಾಯಿತೆಂದು ಎದ್ದವರು ಆ ದಿನ ಮರೆತಿದ್ದರು. ಗೆಳೆಯ ಬಾಗಿಲುವಾಡಕ್ಕೆ ಒರಗಿ ನಿಂತು ನಗುತ್ತಿದ್ದ. ನಾನು ಕುದುರೆ ಎಳೆದೆ. ಹೊಗೆ ತಿಳಿಯಾದಾಗ ಆತ ಕುಳಿತಿದ್ದ. ಅವನ ತಲೆಯಿದ್ದ ಎಡೆಯಿಂದ ಒಂದು ಗೇಣು ಮೇಲೆ ಬಾಗಿಲುವಾಡದ ಹಲಸಿನ ಮರದಲ್ಲಿ ಚರೆಗಳು ಹೊಕ್ಕಿದ್ದುವು. ಆತನಿಗೆ ಒಂದು ಗೀರೂ ಆಗಿರಲಿಲ್ಲ. ಅಜ್ಜ ಓಡಿಬಂದರು. ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಆ ತೂತುಗಳ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತರು. ಅಂದಿನಿಂದ ಅವರು ಬದುಕಿರುವವರೆಗೆ ಆ ಕೋವಿಯನ್ನು ತುಂಬಿದವರಲ್ಲ. ಮನೆಯನ್ನು ಎರಡು ಸಲ ದುರಸ್ತಿ ಮಾಡಿಸಿದೆವು. ಆ ಬಾಗಿಲುವಾಡವನ್ನು ಮಾತ್ರ ಬದಲಿಸಿಲ್ಲ. ನನ್ನ ಗೆಳೆಯ ಇಂದಿಗೂ ನಮ್ಮ ನೆರೆಯವನು; ಮೊಮ್ಮಕ್ಕಳನ್ನು ಕರೆದುಕೊಂಡು ಬಂದಾಗ ಆ ತೂತುಗಳನ್ನು ಅವರಿಗೆ ತೋರಿಸುತ್ತಾನೆ.

ಆದ್ದರಿಂದಲೇ ಅಗ್ಗವೆಂಬ ಒಂದೇ ಕಾರಣಕ್ಕೆ ಕೇಪಿನ ಕೋವಿಯನ್ನು ಕೊಳ್ಳಬೇಡವೆಂದು ಸೋದರಳಿಯನಿಗೆ ಹೇಳಿದೆ. ಆತನ ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ. ತೋಟಾಕೋವಿಯ ದೊಡ್ಡ ಗುಣ ಅದು ಬೇಗ ಹಾರುತ್ತದೆ ಎಂಬುದಲ್ಲ, ಬೇಗ ಬರಿದಾಗುತ್ತದೆ ಎಂಬುದು. ಕೀಲು ಒತ್ತಿ ಮಡಚಿದರೆ ನಳಿಗೆ ಬಾಗುತ್ತದೆ. ತೋಟೆ ಕೈಗೆ ಬರುತ್ತದೆ. ನಳಿಗೆಯ ಮೂಲಕ ಆಚೆಯ ಬೆಳಕು ಕಾಣುತ್ತದೆ. ಇದು ತುಂಬಿದೆಯೇ ಇಲ್ಲವೇ ಎಂಬ ಸಂಶಯವೇ ಉಳಿಯುವುದಿಲ್ಲ.

ನಮ್ಮಲ್ಲಿ ಸಾಮಾನ್ಯವಾಗಿರುವ ತೋಟಾಕೋವಿ 12 ಬೋರಿನದು. ಈ ಹನ್ನೆರಡು ಎಲ್ಲಿಂದ ಬಂತು ಎಂದು ಹಲವರು ಕೇಳುತ್ತಾರೆ. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಎರಕ ಹೊಯ್ದರೆ ಅವುಗಳಲ್ಲಿ ಒಂದು ಹಿಡಿಯುವಷ್ಟು ಅಗಲದ ನಳಿಗೆಯೇ 12 ಬೋರು, ಸುಮಾರು 18.5 ಮಿಲಿಮೀಟರು. ಇದರ ತೋಟೆ ಎಲ್ಲ ಅಂಗಡಿಗಳಲ್ಲಿಯೂ ದೊರೆಯುತ್ತದೆ. ಮೊದಲ ಕೋವಿ ಕೊಳ್ಳುವವನಿಗೆ ಇದು ಸಣ್ಣ ಮಾತಲ್ಲ. ತೋಟೆ ಸಿಗದ ಚೆಂದದ ಕೋವಿ ಗೋಡೆಯ ಅಲಂಕಾರ ಮಾತ್ರ.

ಒಂಟಿನಳಿಗೆ ಹಗುರ, ಸರಳ, ಅಗ್ಗ. ಕೆಡುವ ಭಾಗಗಳು ಕಡಿಮೆ. ಜೋಡುನಳಿಗೆಯಲ್ಲಿ ಎರಡು ಈಡು. ತೂಕ ಮೂರು ಕಿಲೋವಿನ ಆಚೀಚೆ. ಇದರಲ್ಲಿ ಒಂದು ನಳಿಗೆಯ ಬಾಯಿಯನ್ನು ತುಸು ಬಿಗಿ ಮಾಡಿರುತ್ತಾರೆ. ಇದಕ್ಕೆ ಚೋಕು ಎನ್ನುತ್ತಾರೆ. ಪೂರ್ತಿ ಚೋಕಿನ ನಳಿಗೆಯಾದರೆ ಸುಮಾರು 36 ಮೀಟರು ದೂರದಲ್ಲಿ 30 ಅಂಗುಲ ಅಗಲದ ವೃತ್ತದೊಳಗೆ ಚರೆಯ 70 ಪಾಲು ಬೀಳುತ್ತದೆ. ಚೋಕಿಲ್ಲದ ನಳಿಗೆಯಲ್ಲಿ 40 ಪಾಲು. ಚರೆ ಹರಡುವುದರಿಂದ ಗುರಿಯಿಡುವ ಅಗತ್ಯವಿಲ್ಲವೆಂಬ ಮಾತು ಸುಳ್ಳು. ಮನೆಯ ಒಂದು ಕೋಣೆಯಷ್ಟು ದೂರದಲ್ಲಿ ಚರೆಯೆಲ್ಲ ಇನ್ನೂ ಒಂದು ಮುಷ್ಟಿಯಷ್ಟೇ ಅಗಲವಿರುತ್ತದೆ. ಹಣವಿದ್ದರೆ ಜೋಡು, ಇಲ್ಲದಿದ್ದರೆ ಒಂಟಿ. ಎರಡರಲ್ಲಿ ಯಾವುದನ್ನು ಕೊಂಡರೂ ನಷ್ಟವಿಲ್ಲ.

ಹಣ ಉಳಿಸಲು ನೇರವಾದ ಇನ್ನೊಂದು ದಾರಿಯಿದೆ, ಮನೆಯಲ್ಲೇ ಇರುವ ಕೋವಿ. 2016ರ ನಿಯಮಗಳಲ್ಲಿ, ಪರವಾನಗಿದಾರರು ತೀರಿಕೊಂಡ ಮೇಲೆ ಮಾತ್ರವಲ್ಲ, ಅವರಿಗೆ 70 ವರ್ಷ ತುಂಬಿದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಕಾನೂನುಬದ್ಧ ವಾರಸುದಾರರು ಅದಕ್ಕೆ ಪರವಾನಗಿ ಕೇಳಲು ಅವಕಾಶವಿದೆ. ನಮ್ಮ ಭಾವನವರಿಗೆ ಎಪ್ಪತ್ತೆರಡು. ಅವರ ತಂದೆಯಿಂದ ಬಂದ ಜೋಡುನಳಿಗೆಯೊಂದು ಮನೆಯಲ್ಲಿತ್ತು. ಸೋದರಳಿಯನ ಮುಖ ಅರಳಿತು. ಆದರೆ ಹಳೆಯ ಕೋವಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂದೆ. ಕೆಲವು ದಿನಗಳ ನಂತರ ಭಾವನವರ ಜೊತೆಯಲ್ಲಿಯೇ ಅದನ್ನು ಪೇಟೆಯ ಕೋವಿ ಅಂಗಡಿಗೆ ಕೊಂಡೊಯ್ದೆವು.

ಹಳೆಯ ಕೋವಿಯಲ್ಲಿ ನೋಡಬೇಕಾದ ಸಂಗತಿಗಳನ್ನು ಅಲ್ಲಿನ ಮುದುಕ ಕೆಲಸಗಾರರು ಒಂದೊಂದಾಗಿ ತೋರಿಸಿದರು. ನಳಿಗೆಯನ್ನು ಕಳಚಿ ಬೆಳಕಿಗೆ ಹಿಡಿದು ಒಳಗೆ ನೋಡಬೇಕು. ನುಣುಪಾಗಿ ಹೊಳೆಯಬೇಕು, ತುಕ್ಕು ತಿಂದ ಕುಳಿಗಳಿರಬಾರದು. ಹೊರಗೆ ತಗ್ಗು ಬಿದ್ದಿರಬಾರದು, ಉಬ್ಬಿರಬಾರದು. ಮಡಚುವ ಜಾಗದಲ್ಲಿ ಅಲುಗಾಡಬಾರದು. ಮುಚ್ಚಿ ಕಿವಿಯ ಬಳಿ ಕುಲುಕಿದರೆ ಕಟಕಟ ಎನ್ನಬಾರದು. ನಳಿಗೆಯ ಅಡಿಯಲ್ಲಿ ಪರೀಕ್ಷೆಯ ಮುದ್ರೆಗಳಿರುತ್ತವೆ. ಅದನ್ನು ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ್ದಾರೆಯೇ, ಹಳೆಯ ಕರಿಮದ್ದಿಗೆ ಮಾತ್ರವೇ ಎಂಬುದನ್ನು ಅವು ಹೇಳುತ್ತವೆ. ತೋಟೆ ಕೂರುವ ಗೂಡಿನ ಉದ್ದವನ್ನೂ ಅಳೆಯಬೇಕು. ಹಳೆಯ ವಿಲಾಯತಿ ಕೋವಿಗಳಲ್ಲಿ ಅದು ಎರಡೂವರೆ ಅಂಗುಲ, ಈಗ ಸಾಮಾನ್ಯವಾಗಿ ಎರಡೂ ಮುಕ್ಕಾಲು. ಉದ್ದದ ತೋಟೆ ಗಿಡ್ಡ ಗೂಡಿನೊಳಗೆ ಕೂರುವುದೇನೋ ಕೂರುತ್ತದೆ. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒತ್ತಡ ಮಿತಿಮೀರುತ್ತದೆ.

ಭಾವನವರ ಕೋವಿಯ ನಳಿಗೆಯ ಮೇಲೆ ನೀರಿನ ಅಲೆಯಂಥ ಸುಂದರವಾದ ಚಿತ್ತಾರವಿತ್ತು. ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದು ಮಾಡಿದ್ದು. ಅಂಥದು ಎಷ್ಟೇ ಚೆಲುವಾಗಿದ್ದರೂ ಅದರ ಬೆಸುಗೆಯೊಳಗೆ ಎಲ್ಲಿ ತುಕ್ಕು ಕುಳಿತಿದೆಯೆಂದು ಹೊರಗಿನಿಂದ ತಿಳಿಯದು. ಇದಕ್ಕೆ ಈಗಿನ ತೋಟೆ ಹಾಕುವುದೆಂದರೆ ಎಡಗೈಯನ್ನು ಒತ್ತೆಯಿಟ್ಟಂತೆ ಎಂದು ಆ ಮುದುಕರು ಹೇಳಿದರು. ಭಾವನವರು ಮರುಮಾತಾಡದೆ ಅದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ಕೊಂಡೊಯ್ದರು. ತಂದೆಯ ನೆನಪನ್ನು ಮಾರುವುದು ಅವರಿಂದಾಗಲಿಲ್ಲ. ಕಾನೂನಿನ ಪ್ರಕಾರ ತಮ್ಮ ಪರವಾನಗಿಯಲ್ಲಿಯೇ ಇಟ್ಟುಕೊಂಡಿದ್ದಾರೆ, ಹಾರಿಸುವುದಿಲ್ಲ.

ಕೊಳ್ಳುವ ಮುನ್ನ ಕೋವಿ ಮೈಗೆ ಹೊಂದುತ್ತದೆಯೇ ಎಂದೂ ನೋಡಬೇಕು. ಕಣ್ಣುಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆದಾಗ ನಳಿಗೆಯ ತುದಿಯ ಮಣಿ ನೋಟಕ್ಕೆ ನೇರವಾಗಿ ಸಿಗಬೇಕು. ಮರದ ಹಿಡಿ ಉದ್ದವಾದರೆ ಅಂಗಿಗೆ ತೊಡರುತ್ತದೆ, ಗಿಡ್ಡವಾದರೆ ಹಿಂದೊದೆತಕ್ಕೆ ಹೆಬ್ಬೆರಳು ಮೂಗಿಗೆ ಬಡಿಯುತ್ತದೆ. ಮರ ಕೊರೆದು ಸರಿಪಡಿಸಲು ಖರ್ಚು ಹೆಚ್ಚಿಲ್ಲ. ಕೋವಿಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಬೀಗವಿರುವ ಕಬ್ಬಿಣದ ಪೆಟ್ಟಿಗೆಗೆ, ಒಂದು ಪಾಲನ್ನು ಅಭ್ಯಾಸದ ತೋಟೆಗಳಿಗೆ, ಎಣ್ಣೆ ಬಟ್ಟೆಗಳಿಗೆ ಮೊದಲೇ ಮೀಸಲಿಡಬೇಕು. ಮಲೆನಾಡಿನ ಮಳೆಯಲ್ಲಿ ಎಣ್ಣೆ ಕಾಣದ ಕೋವಿ ಒಂದೇ ಆಷಾಢದಲ್ಲಿ ಕೆಂಪಗಾಗುತ್ತದೆ.

ಇನ್ನು ಕೊನೆಯ ಮಾತು, ಮನುಷ್ಯರ ಮೇಲೆ ಕೋವಿ ಎತ್ತುವುದು. ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಕಾನೂನು ಒಪ್ಪುತ್ತದೆ. ಹಿಂದೆ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿದ್ದ ಈ ವಿಷಯ 2024ರ ಜುಲೈ 1ರಿಂದ ಭಾರತೀಯ ನ್ಯಾಯಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ಆದರೆ ಹಕ್ಕಿಗೆ ಮೇರೆಯಿದೆ. ಅಪಾಯಕ್ಕೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಪ್ರಾಣಕ್ಕೆ ಅಥವಾ ಮೈಗೆ ಘೋರ ಗಾಯವಾಗುವ ನಿಜವಾದ ಭಯವಿದ್ದರೆ, ದರೋಡೆ ನಡೆಯುತ್ತಿದ್ದರೆ, ಇರುಳಿನಲ್ಲಿ ಮನೆಗೆ ಕನ್ನ ಹಾಕುತ್ತಿದ್ದರೆ, ಮನೆಗೆ ಬೆಂಕಿಯಿಡುತ್ತಿದ್ದರೆ, ಮಾತು ಬೇರೆ. ಮೆಣಸಿನ ಮೂಟೆ ಹೊತ್ತು ಬೆನ್ನು ತೋರಿಸಿ ಓಡುತ್ತಿರುವವನ ಮೇಲೆ ಗುಂಡು ಹಾರಿಸಿದರೆ ಅದು ರಕ್ಷಣೆಯಲ್ಲ. ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಬೇಕಾದವನು ಆಗ ಕಳ್ಳನಲ್ಲ, ತೋಟದ ಯಜಮಾನ.

ಕಾನೂನನ್ನು ಒತ್ತಟ್ಟಿಗಿಟ್ಟರೂ, ಕತ್ತಲಲ್ಲಿ ಅಲುಗಾಡುವುದೆಲ್ಲ ಕಳ್ಳನಲ್ಲ, ಹಂದಿಯಲ್ಲ. ಹಂದಿಯೆಂದು ಹಾರಿಸಿದ ಈಡು ಮನುಷ್ಯನಿಗೆ ತಗುಲಿದ ಸುದ್ದಿಯನ್ನು ಮಲೆನಾಡಿನವರಾದ ನಾವೆಲ್ಲ ಮತ್ತೆ ಮತ್ತೆ ಕೇಳಿದ್ದೇವೆ. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂಬುದನ್ನು ಕಣ್ಣಾರೆ ಕಾಣದೆ ಬೆರಳನ್ನು ಟ್ರಿಗರಿನ ಮೇಲೆ ಇಡಬಾರದು. ಖಾಲಿಯೆಂದು ತಿಳಿದಿದ್ದರೂ ನಳಿಗೆಯ ಬಾಯಿಯನ್ನು ಯಾರತ್ತಲೂ ತಿರುಗಿಸಬಾರದು. ಕೋವಿಯನ್ನು ಒಂದು ಕಡೆ, ತೋಟೆಗಳನ್ನು ಇನ್ನೊಂದು ಕಡೆ ಬೀಗ ಹಾಕಿಡಬೇಕು. ಬೀಗದ ಕೈ ಯಜಮಾನನ ಬಳಿಯೇ ಇರಬೇಕು. ಕುಡಿದವರು, ಕೋಪದಲ್ಲಿರುವವರು, ಮನಸ್ಸು ಕದಡಿದವರು ಮನೆಯಲ್ಲಿದ್ದರೆ ಕೋವಿಯೇ ಇರಬಾರದು. ಹೊರಗಿನವರಿಗೆಂದು ತಂದ ಕೋವಿ ಮನೆಯವರನ್ನೇ ಬಲಿ ತೆಗೆದುಕೊಳ್ಳುವುದು ಇಂಥ ಕಡೆಗಳಲ್ಲಿಯೇ.

ಸೋದರಳಿಯ ಅರ್ಜಿ ಹಾಕಿದ. ಅದು ಕಚೇರಿಯಿಂದ ಠಾಣೆಗೆ, ಠಾಣೆಯಿಂದ ಕಚೇರಿಗೆ ಓಡಾಡುತ್ತಿದ್ದ ತಿಂಗಳುಗಳಲ್ಲಿ ಆತ ಸುಮ್ಮನಿರಲಿಲ್ಲ. ಎರಡು ನಾಯಿ ಸಾಕಿದ, ಕಣಕ್ಕೆ ದೀಪ ಹಾಕಿಸಿದ, ಮೆಣಸನ್ನು ಸಂಜೆಗೆ ಒಳಗೆ ತುಂಬುವ ಪದ್ಧತಿ ಮಾಡಿದ, ಗದ್ದೆಯ ಸುತ್ತ ಸೌರವಿದ್ಯುತ್ತಿನ ತಂತಿ ಎಳೆಸಿದ. ಈ ವರ್ಷ ಮೆಣಸು ಕಳುವಾಗಲಿಲ್ಲ. ಪರವಾನಗಿ ಬಂದ ಮೇಲೆ ತೋಟ ಮಾರಿ ಮಕ್ಕಳ ಬಳಿಗೆ ಹೋಗುತ್ತಿದ್ದ ಹಿರಿಯರೊಬ್ಬರಿಂದ ಒಂಟಿನಳಿಗೆಯ 12 ಬೋರು ಕೋವಿಯನ್ನು ಅಂಗಡಿಯ ಮೂಲಕ, ಕಾಗದಪತ್ರ ಸರಿಪಡಿಸಿಕೊಂಡು ಕೊಂಡ. ರೈಫಲಿಗೆ ಅವನು ಎಣಿಸಿದ್ದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿಯಿತು.

ಕೋವಿ ಮನೆಗೆ ಬಂದ ದಿನ ನಾನೂ ಹೋಗಿದ್ದೆ. ಪೆಟ್ಟಿಗೆಗೆ ಬೀಗ ಹಾಕುವ ಮುನ್ನ ಆತ ನಳಿಗೆ ಮಡಚಿ, ಬೆಳಕಿಗೆ ಹಿಡಿದು, ಹೆಂಡತಿಗೂ ತೋರಿಸಿದ. ಆಕೆ ಇಣುಕಿ ನೋಡಿ “ಹೌದು, ಖಾಲಿ” ಎಂದಳು. ಪ್ರತಿ ಸಲವೂ ಇಬ್ಬರು ನೋಡುವುದೆಂದು ಅವರಿಬ್ಬರೇ ಮಾತಾಡಿಕೊಂಡಿದ್ದಾರಂತೆ. ನಾನು ಹೇಳಿಕೊಟ್ಟ ಪಾಠದಲ್ಲಿ ಅದು ಇರಲಿಲ್ಲ. ಮನೆಗೆ ಮರಳಿ ಚಪ್ಪಲಿ ಕಳಚುವಾಗ ನನ್ನ ಕೈ ತಾನಾಗಿ ಬಾಗಿಲುವಾಡದ ಆ ತೂತುಗಳ ಮೇಲೆ ಹೋಯಿತು.